ಎರಡು ಮುಚ್ಚಳದ ಲೆಕ್ಕ

ನನ್ನ ಕಳೆಯಂತ್ರದಿಂದ ಬಿಚ್ಚಿದ, ಸಣ್ಣ ಚಹಾ ಲೋಟದಷ್ಟಿದ್ದ ಪಿಸ್ಟನ್ನನ್ನು ಮೆಕ್ಯಾನಿಕ್ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟ. ಒಂದು ಮೈ ನುಣ್ಣಗೆ ಬೆಳ್ಳಿಯ ಹಾಗಿತ್ತು. ತಿರುಗಿಸಿದರೆ ಇನ್ನೊಂದು ಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಉದ್ದುದ್ದ ಗೀರು, ಬೆಕ್ಕು ಪರಚಿದಂತೆ. ಅಲ್ಯೂಮಿನಿಯಂ ಕರಗಿ ಮೆತ್ತಿಕೊಂಡು ರಿಂಗ್ ತನ್ನ ತೋಡಿನಲ್ಲೇ ಸಿಕ್ಕಿಕೊಂಡಿತ್ತು.

"ಇದು ಸೈಲೆನ್ಸರ್ ಕಡೆ ಸಾರ್. ಇಲ್ಲೇ ಕಾವು ಜಾಸ್ತಿ. ಆಯಿಲ್ ಸಾಲದೇ ಹೋದ್ರೆ ಮೊದಲು ಹಿಡಿಯೋದೇ ಇಲ್ಲಿ" ಅಂದ. ಆಮೇಲೆ ಕೇಳಿದ, "ಲೀಟರ್ ಪೆಟ್ರೋಲಿಗೆ ಆಯಿಲ್ ಎಷ್ಟು ಹಾಕ್ತೀರಿ?"

"ಎರಡು ಮುಚ್ಚಳ."

"ಯಾವ ಮುಚ್ಚಳ?"

ಉತ್ತರ ನನ್ನಲ್ಲಿರಲಿಲ್ಲ. ಮನೆಗೆ ಬಂದವನೇ ಕೊಟ್ಟಿಗೆಯ ಹಲಗೆ ಮೇಲಿದ್ದ ಹಳೆಯ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬಾಟಲಿ, ಹೊಸ ಬಾಟಲಿ ಎರಡನ್ನೂ ಇಳಿಸಿದೆ. ದನಕ್ಕೆ ಔಷಧಿ ಕುಡಿಸುವ 20 ಎಮ್ಮೆಲ್ ಸಿರಿಂಜಿನಲ್ಲಿ ನೀರು ಎಳೆದು ಎರಡೂ ಮುಚ್ಚಳ ತುಂಬಿಸಿದೆ. ಹಳೆಯದಕ್ಕೆ 10 ಎಮ್ಮೆಲ್ ಹಿಡಿಯಿತು, ಹೊಸದಕ್ಕೆ ಐದೇ. ಅಂಗಡಿಯಲ್ಲಿ ಆ ಸಲ ಬೇರೆ ಆಯಿಲ್ ಸಿಕ್ಕಿತ್ತು, ತಂದಿದ್ದೆ. ಎಣ್ಣೆ ಬದಲಾದರೂ ಲೆಕ್ಕ ಮಾತ್ರ ಹಿಂದಿನ ‘ಎರಡು ಮುಚ್ಚಳ’ವೇ ಆಗಿತ್ತು. 20 ಎಮ್ಮೆಲ್ ಬೇಕಿದ್ದ ಯಂತ್ರ ಒಂದು ಮಳೆಗಾಲವಿಡೀ 10 ಎಮ್ಮೆಲ್‌ನಲ್ಲಿ ಕಳೆ ಹೊಡೆದಿತ್ತು.

ನಾಚಿಕೆಯಾಗಿದ್ದು ಇನ್ನೊಂದು ಕಾರಣಕ್ಕೆ. ಅದೇ ಕೊಟ್ಟಿಗೆಯಲ್ಲಿ ನಾವು ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಕಲಸುತ್ತೇವೆ. ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್. ತಕ್ಕಡಿಯಲ್ಲಿ ತೂಗಿ, ಬೇರೆಬೇರೆ ಕರಗಿಸಿ, ಕೊನೆಗೆ ಉಜ್ಜಿ ಹೊಳಪಾಗಿಸಿದ ಕತ್ತಿಯ ಅಲಗು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದು ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದ ಮಲೆನಾಡಿನ ತೋಟಗಳಲ್ಲಿ ಈ ಅಳತೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಮರಕ್ಕೆ ಹೊಡೆಯುವ ಔಷಧಿಯಲ್ಲಿ ಇಷ್ಟು ಶಿಸ್ತಿರುವ ನಾವು ಯಂತ್ರಕ್ಕೆ ಕುಡಿಸುವ ಎಣ್ಣೆಯನ್ನು ಕಣ್ಣಳತೆಗೆ ಬಿಟ್ಟಿದ್ದೇವೆ. ಟೂ ಸ್ಟ್ರೋಕ್ ಇಂಜಿನ್ ಕೂಡ ಬೋರ್ಡೊದ ಹಾಗೆಯೇ, ಬೆರಕೆಯ ಅಳತೆಯ ಮೇಲೆ ನಿಂತ ವಸ್ತು.

ಹೊಟ್ಟೆಯೊಳಗಿಂದಲೇ ದಾರಿ

ಕಾರು, ಬೈಕು, ಪಂಪ್‌ಸೆಟ್ಟುಗಳ ಫೋರ್ ಸ್ಟ್ರೋಕ್ ಇಂಜಿನ್ನಿನ ಕೆಳಗೊಂದು ಎಣ್ಣೆಯ ತೊಟ್ಟಿ ಇರುತ್ತದೆ. ಕ್ರ್ಯಾಂಕು ಅಲ್ಲಿಂದ ಎಣ್ಣೆ ಎರಚಿಕೊಳ್ಳುತ್ತದೆ, ಅಥವಾ ಪಂಪು ಮೇಲೆತ್ತಿ ಕೊಡುತ್ತದೆ. ಅಲ್ಲಿ ಪೆಟ್ರೋಲ್ ಒಂದು ದಾರಿ ಹಿಡಿದರೆ ಎಣ್ಣೆ ಇನ್ನೊಂದು ದಾರಿ ಹಿಡಿಯುತ್ತದೆ.

ಕಳೆ ಹೊಡೆಯುವ ಯಂತ್ರಕ್ಕೆ ಆ ಸೌಕರ್ಯ ಇಲ್ಲ. ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ 1890ರ ಸುಮಾರಿಗೆ ರೂಪಿಸಿದ ವಿನ್ಯಾಸವೇ ಇಂದಿಗೂ ಇದರ ಮೂಲ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಜಾಗ ಹಿಗ್ಗಿ, ಕಾರ್ಬ್ಯುರೇಟರಿನಿಂದ ಗಾಳಿ-ಪೆಟ್ರೋಲು ಒಳಗೆ ನುಗ್ಗುತ್ತದೆ. ಪಿಸ್ಟನ್ ಕೆಳಗಿಳಿದಾಗ ಅದೇ ಮಿಶ್ರಣ ಒತ್ತಿಸಿಕೊಂಡು ಪಕ್ಕದ ಕಾಲುವೆಯಿಂದ ಮೇಲಿನ ಸಿಲಿಂಡರಿಗೆ ಹಾರುತ್ತದೆ. ಕವಾಟಗಳ ರಗಳೆ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತದೆ, ತೆರೆಯುತ್ತದೆ. ಬಿಡಿಭಾಗ ಕಮ್ಮಿ, ಭಾರ ಕಮ್ಮಿ, ಸುತ್ತಿಗೊಂದು ಸಿಡಿತ. ಹೆಗಲಿಗೆ ಹಾಕಿಕೊಂಡು ಇಳಿಜಾರಿನಲ್ಲಿ ಹುಲ್ಲು ಹೊಡೆಯಲು, ಮರದ ಮೇಲೆ ನಿಂತು ಕೊಂಬೆ ಕತ್ತರಿಸಲು ಇದಕ್ಕಿಂತ ಅನುಕೂಲದ ಇಂಜಿನ್ ಬಹುಕಾಲ ಇರಲಿಲ್ಲ.

ಆದರೆ ಪೆಟ್ರೋಲು ಹೊಟ್ಟೆಯೊಳಗಿಂದಲೇ ಹಾದುಹೋಗುವುದರಿಂದ ಅಲ್ಲಿ ಎಣ್ಣೆಯ ತೊಟ್ಟಿ ಇಡುವಂತಿಲ್ಲ. ಇಟ್ಟರೂ ಗರಗಸವನ್ನು ಅಡ್ಡ ಹಿಡಿದಾಗ, ತಲೆಕೆಳಗೆ ಮಾಡಿದಾಗ ಅದು ಎಲ್ಲಿಗೆ ಹೋಗಬೇಕು? ಹಾಗಾಗಿ ಎಣ್ಣೆ ಪೆಟ್ರೋಲಿನ ಜೊತೆಗೇ ಪ್ರಯಾಣ ಮಾಡಬೇಕು. ಕ್ರ್ಯಾಂಕ್ ಕೋಣೆಯ ಕಾವಿಗೆ ಪೆಟ್ರೋಲ್ ಆವಿಯಾಗುತ್ತದೆ. ಆವಿಯಾಗದ ಎಣ್ಣೆ ಬೇರಿಂಗಿನ ಮೇಲೆ, ಸಿಲಿಂಡರಿನ ಗೋಡೆಯ ಮೇಲೆ ತೆಳ್ಳಗೆ ಪಸೆಯಾಗಿ ಕೂರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದೂ ಮೇಲೆ ಹೋಗಿ ಸುಟ್ಟು ಹೊಗೆಯಾಗುತ್ತದೆ, ಅದರ ಜಾಗಕ್ಕೆ ಹೊಸದು ಬರುತ್ತದೆ.

ಎಷ್ಟು ಬರುತ್ತದೆ? ನಿಮಿಷಕ್ಕೆ 9,000 ಸುತ್ತು ತಿರುಗುವ ಯಂತ್ರದಲ್ಲಿ ಸೆಕೆಂಡಿಗೆ 150 ಸಿಡಿತ, ಗಂಟೆಗೆ 5 ಲಕ್ಷ 40 ಸಾವಿರ. ಯಂತ್ರ ಗಂಟೆಗೆ ಒಂದು ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿರುವ ಎಣ್ಣೆ 20 ಎಮ್ಮೆಲ್, ಅಂದರೆ ಸುಮಾರು 400 ಹನಿ. ಒಂದು ಹನಿಯನ್ನು 1,350 ಪಾಲು ಮಾಡಿದರೆ ಸಿಗುವಷ್ಟು ಎಣ್ಣೆ ಒಂದು ಸುತ್ತಿಗೆ! ಮರ ಕೊಯ್ಯುವ ಗರಗಸವಾದರೆ ನಿಮಿಷಕ್ಕೆ 12,000 ಸುತ್ತು ದಾಟುತ್ತದೆ, ಅದೂ ಗಂಟೆಗೆ ಅಷ್ಟೇ ಕುಡಿದರೆ ಪಾಲು ಇನ್ನೂ ಕಿರಿದು. ಇಷ್ಟು ಬಡತನದಲ್ಲಿ ಸಂಸಾರ ಮಾಡುವ ಯಂತ್ರಕ್ಕೆ ನಾನು ಅದರಲ್ಲೂ ಅರ್ಧ ಕಡಿತ ಮಾಡಿದ್ದೆ.

ಹರಳೆಣ್ಣೆಯಿಂದ ಎಫ್‌ಡಿವರೆಗೆ

ಯಾವ ಎಣ್ಣೆ ಎಂಬ ಪ್ರಶ್ನೆಗೆ ಮೊದಲ ಉತ್ತರ ನಮ್ಮ ಅಜ್ಜಿಯರ ಡಬ್ಬಿಯಲ್ಲಿತ್ತು. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಇಂಜಿನ್ನೇ ಗಿರಗಿರ ತಿರುಗುವ ರೋಟರಿ ಬಗೆಯವು ಇದ್ದವು. ಅವುಗಳಲ್ಲೂ ಪೆಟ್ರೋಲು ಕ್ರ್ಯಾಂಕ್ ಕೋಣೆಯ ಮೂಲಕವೇ ಸಾಗುತ್ತಿತ್ತು. ಸಾಮಾನ್ಯ ಖನಿಜ ಎಣ್ಣೆಯನ್ನು ಪೆಟ್ರೋಲು ತೊಳೆದು ಹಾಕಿಬಿಡುತ್ತದೆ. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಕಾವಿಗೂ ಜಗ್ಗುವುದಿಲ್ಲ. ಹಾಗಾಗಿ ವಿಮಾನಗಳಿಗೆ ಹರಳೆಣ್ಣೆ. ಅದರ ಹೊಗೆ ಕುಡಿದ ಪೈಲಟ್‌ಗಳ ಹೊಟ್ಟೆ ಕೆಡುತ್ತಿತ್ತು ಎಂಬ ಕತೆಗಳೂ ಇವೆ. ಬಾಲ್ಯದಲ್ಲಿ ಬೆಳಗಿನ ಜಾವ ಮೂಗು ಹಿಡಿದು ಹರಳೆಣ್ಣೆ ನುಂಗಿದವರಿಗೆ ವಿವರಣೆ ಬೇಡ. 1909ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ತನ್ನ ಎಣ್ಣೆಗೆ ಇಟ್ಟ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ.

ಆದರೆ ಹರಳೆಣ್ಣೆ ಸುಟ್ಟಾಗ ಅರಗಿನಂಥ ಅಂಟು ಉಳಿಯುತ್ತದೆ. ಇವತ್ತಿನ ಟೂ ಸ್ಟ್ರೋಕ್ ಎಣ್ಣೆಗೆ ಒಂದಕ್ಕೊಂದು ವಿರುದ್ಧವಾದ ಕೆಲಸಗಳಿವೆ. ಅದು ಪೆಟ್ರೋಲಿನಲ್ಲಿ ಬೇಗ ಕರಗಬೇಕು, ಕಾದ ಲೋಹದ ಮೇಲೆ ಹಿಡಿದು ನಿಲ್ಲಬೇಕು, ಕೊನೆಗೆ ಬೂದಿಯನ್ನೂ ಉಳಿಸದೆ ಸುಟ್ಟುಹೋಗಬೇಕು. ಹೊಗೆ ತಗ್ಗಿಸಲು ಅದರಲ್ಲಿ ಪಾಲಿಐಸೊಬ್ಯುಟಿಲೀನ್ ಎಂಬ ಕೃತಕ ವಸ್ತು ಬೆರೆಸುತ್ತಾರೆ. ಕರಗಲು ಅನುಕೂಲವಾಗುವ ದ್ರಾವಕವನ್ನೂ ಮಸಿ ತೊಳೆಯುವ ವಸ್ತುವನ್ನೂ ಸೇರಿಸುತ್ತಾರೆ. ಜೊತೆಗೆ ನೀಲಿ, ಹಸಿರು ಅಥವಾ ಕೆಂಪು ಬಣ್ಣ. ಬಣ್ಣ ಎಣ್ಣೆಯ ಗುಣವನ್ನೇನೂ ಹೇಳುವುದಿಲ್ಲ. ಕ್ಯಾನಿನಲ್ಲಿರುವುದು ಬರೀ ಪೆಟ್ರೋಲೋ ಬೆರೆಸಿದ್ದೋ ಎಂದು ಗೊತ್ತಾಗಲಿ ಎಂದಷ್ಟೇ ಅದು.

ಗುಣ ಹೇಳುವುದು ಡಬ್ಬಿಯ ಹಿಂದಿನ ಸಣ್ಣ ಅಕ್ಷರ. ಜಪಾನಿನ ಜಾಸೊ ಮಾನಕದಲ್ಲಿ ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂಬ ಮೆಟ್ಟಿಲುಗಳಿವೆ. ಅಂಗಡಿಯವರು ‘ಎಫ್‌ಡಿ ಅಂದ್ರೆ ಜಾಸ್ತಿ ಜಾರುತ್ತೆ’ ಎನ್ನುವುದುಂಟು. ಜಾರಿಕೆಗೆ ಕೇಳುವ ಕನಿಷ್ಠ ಅಂಕ ಮೂರಕ್ಕೂ ಒಂದೇ. ಎಫ್‌ಬಿಯಿಂದ ಎಫ್‌ಸಿಗೆ ಏರಿದರೆ ಹೊಗೆ ಬಹಳ ಇಳಿಯುತ್ತದೆ. ಎಫ್‌ಸಿಯಿಂದ ಎಫ್‌ಡಿಗೆ ಏರಿದರೆ ಮಸಿ ತೊಳೆಯುವ ಗುಣ ಹೆಚ್ಚುತ್ತದೆ. ದಿನವಿಡೀ ಕಾದು ದುಡಿಯುವ ಯಂತ್ರಕ್ಕೆ ಪಿಸ್ಟನ್ ರಿಂಗು ಮಸಿಯಲ್ಲಿ ಹೂತುಕೊಳ್ಳದಿರುವುದೇ ದೊಡ್ಡ ಲಾಭ. ಎಫ್‌ಡಿಗೆ ಕೊಡುವ ನಾಲ್ಕು ಕಾಸು ಹೆಚ್ಚು ಅದಕ್ಕಾಗಿ. ಇದಕ್ಕೆ ಸಮನಾದ ಅಂತರರಾಷ್ಟ್ರೀಯ ದರ್ಜೆ ಐಎಸ್‌ಒ ಇಜಿಡಿ.

ಎರಡು ಎಣ್ಣೆಗಳನ್ನು ಮಾತ್ರ ಇದರ ಹತ್ತಿರ ಸುಳಿಯಗೊಡಬಾರದು. ಒಂದು, ಕರಾವಳಿಯ ಅಂಗಡಿಗಳಲ್ಲಿ ಸಿಗುವ ದೋಣಿ ಇಂಜಿನ್ನಿನ ಟಿಸಿ-ಡಬ್ಲ್ಯೂ3 ಎಣ್ಣೆ. ದೋಣಿಯ ಔಟ್‌ಬೋರ್ಡ್ ಇಂಜಿನ್ನನ್ನು ತಣ್ಣಗಿಡಲು ಸುತ್ತ ಸಮುದ್ರವೇ ಇದೆ. ಆ ತಂಪಿಗೆ ತಕ್ಕ ಎಣ್ಣೆ ಗಾಳಿಯಿಂದಷ್ಟೇ ತಣಿಯುವ ಗರಗಸದ ಕಾವನ್ನು ತಾಳಿಕೊಳ್ಳುವುದಿಲ್ಲ. ಇನ್ನೊಂದು, ಬೈಕಿನ ಫೋರ್ ಸ್ಟ್ರೋಕ್ ಇಂಜಿನ್ ಆಯಿಲ್. ಅದರಲ್ಲಿರುವ ಸತು, ಕ್ಯಾಲ್ಸಿಯಂ ಸಂಯುಕ್ತಗಳು ಸುಟ್ಟಾಗ ಬೂದಿಯಾಗಿ ಪ್ಲಗ್ಗಿನ ಬಾಯಲ್ಲಿ ಕೂರುತ್ತವೆ.

ಇಲ್ಲೇ ಇನ್ನೊಂದು ಗೊಂದಲ. ಈಗ ಪೇಟೆಯಲ್ಲಿ ಫೋರ್ ಸ್ಟ್ರೋಕ್ ಕಳೆಯಂತ್ರಗಳೂ ಬಹಳ ಇವೆ. ಹೋಂಡಾದ 35 ಸಿಸಿ ಇಂಜಿನ್ನಿನ ತೊಟ್ಟಿಗೆ 100 ಎಮ್ಮೆಲ್ ಎಣ್ಣೆ ಬೇರೆಯಾಗಿ ಹಾಕಬೇಕು, ಟ್ಯಾಂಕಿಗೆ ಬರೀ ಪೆಟ್ರೋಲ್. ಸ್ಟಿಲ್‌ನವರ ಫೋರ್‌ಮಿಕ್ಸ್ ಇಂಜಿನ್ನಿಗೋ ಕವಾಟಗಳಿವೆ, ಸದ್ದೂ ಫೋರ್ ಸ್ಟ್ರೋಕಿನದೇ, ಆದರೂ ಅದು ಕುಡಿಯುವುದು ಎಣ್ಣೆ ಬೆರೆಸಿದ ಪೆಟ್ರೋಲನ್ನೇ. ಸದ್ದು ಕೇಳಿ ತೀರ್ಮಾನಿಸಬೇಡಿ, ಟ್ಯಾಂಕಿನ ಮುಚ್ಚಳದ ಮೇಲಿನ ಚಿತ್ರ ನೋಡಿ. ಎರಡು ಬಗೆಯ ಯಂತ್ರವೂ ಒಂದೇ ಮನೆಯಲ್ಲಿದ್ದರೆ ಕ್ಯಾನುಗಳಿಗೆ ಬೇರೆಬೇರೆ ಬಣ್ಣದ ದಾರ ಕಟ್ಟಿಡುವುದು ಒಳ್ಳೆಯದು.

ಹೆಚ್ಚು ಹಾಕಿದರೆ ಹಿತವೇ?

ಪಿಸ್ಟನ್ ಸುಟ್ಟುಕೊಂಡವರು ಮುಂದಿನ ಸಲ ಎಣ್ಣೆ ಧಾರಾಳವಾಗಿ ಸುರಿಯುತ್ತಾರೆ. ಇದರಲ್ಲಿ ಹಳೆಯ ನೆನಪೂ ಕೆಲಸ ಮಾಡುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳನ್ನೂ, ಆಮೇಲೆ ಟಿವಿಎಸ್ ಮೊಪೆಡ್ಡುಗಳನ್ನೂ ಓಡಿಸಿದವರಿಗೆ ಬಂಕಿನ ಹುಡುಗ ಪೆಟ್ರೋಲಿಗೆ ಮೊದಲು ‘ಆಯಿಲ್ ಎಷ್ಟು?’ ಎಂದು ಕೇಳುತ್ತಿದ್ದುದು ನೆನಪಿದ್ದೀತು. ‘ಸ್ವಲ್ಪ ಜಾಸ್ತೀನೇ ಹಾಕಪ್ಪ’ ಎಂಬುದೇ ಆಗಿನ ಜಾಣತನ. ಅದು ಆ ಕಾಲದ ಎಣ್ಣೆಗೆ ತಕ್ಕ ಮಾತು.

ಈಗಿನ ಯಂತ್ರದ ಪುಸ್ತಕ 50:1 ಎಂದರೆ ಲೀಟರಿಗೆ 20 ಎಮ್ಮೆಲ್, 40:1 ಎಂದರೆ 25, 25:1 ಎಂದರೆ 40. ಕೆಲವು ಕಂಪನಿಗಳ ಹಳೆಯ ಪುಸ್ತಕಗಳಲ್ಲಿ ತಮ್ಮದೇ ಎಣ್ಣೆಗೆ 50:1, ಬೇರೆಯವರದ್ದಾದರೆ 25:1 ಎಂದಿರುವುದೂ ಉಂಟು. ಇದ್ದುದಕ್ಕಿಂತ ಹೆಚ್ಚು ಹಾಕಿದರೆ ಸುಡದೆ ಉಳಿದ ಎಣ್ಣೆ ಮಸಿಯಾಗಿ ಹೊಗೆ ಕಿಂಡಿಯ ಸುತ್ತ ಬೆಳೆಯುತ್ತದೆ. ಸೈಲೆನ್ಸರಿನೊಳಗೆ ಕಿಡಿ ತಡೆಯುವ ಜಾಲರಿ ಇದ್ದರೆ ಅದು ಕಟ್ಟಿಕೊಳ್ಳುತ್ತದೆ. ಯಂತ್ರ ಸ್ಟಾರ್ಟ್ ಆಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಉಸಿರು ಕಟ್ಟಿದಂತೆ ಸಾಯುತ್ತದೆ.

ಇನ್ನೊಂದು ಸಂಗತಿ ಬಹಳ ಜನ ಯೋಚಿಸಿರುವುದಿಲ್ಲ. ಎಣ್ಣೆ ಹೆಚ್ಚಿದಷ್ಟೂ ಅದೇ ಲೀಟರಿನಲ್ಲಿ ಪೆಟ್ರೋಲಿನ ಜಾಗ ಕಮ್ಮಿ. 50:1ರ ಬದಲು 25:1 ಕಲಸಿದರೆ ಪೆಟ್ರೋಲಿನ ಪಾಲು ಶೇಕಡಾ 2ರಷ್ಟು ಇಳಿದು ಬೆರಕೆ ಬಡವಾಗುತ್ತದೆ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾದ ಇಂಥ ಬೆರಕೆಯನ್ನು ಮೆಕ್ಯಾನಿಕ್ಕರು ಲೀನ್ ಎನ್ನುತ್ತಾರೆ. ಲೀನ್ ಆದಷ್ಟೂ ಇಂಜಿನ್ ಕಾಯುತ್ತದೆ. ಶೇಕಡಾ 2 ದೊಡ್ಡದೇನಲ್ಲ. ಆದರೆ ಈಗ ಅದರ ಮೇಲೆ ಇನ್ನೊಂದು ಬಡತನ ಬಂದು ಕೂತಿದೆ.

ಪೆಟ್ರೋಲಿನೊಳಗಿನ ಕಬ್ಬು

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಧನ ಸಪ್ತಾಹದಲ್ಲಿ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಇ20 ಎಂದರೆ ಶೇಕಡಾ 20 ಎಥನಾಲ್. ಕಬ್ಬಿನಿಂದಲೂ ಮೆಕ್ಕೆಜೋಳ, ಅಕ್ಕಿಯಿಂದಲೂ ತೆಗೆಯುವ ಮದ್ಯಸಾರ. ಎರಡೂವರೆ ವರ್ಷದೊಳಗೆ ಅದು ದೇಶದ ಬಂಕುಗಳ ಸಾಮಾನ್ಯ ಪೆಟ್ರೋಲೇ ಆಯಿತು. ಮಂಡ್ಯ, ಬೆಳಗಾವಿಯ ಕಬ್ಬಿನ ಗದ್ದೆ ಹೀಗೆ ಸಾಗರ, ಶಿರಸಿಯ ತೋಟದ ಯಂತ್ರದೊಳಕ್ಕೆ ಬಂದಿದೆ.

ಆಕ್ಟೇನ್ ವಿಷಯದಲ್ಲಿ ಎಥನಾಲ್ ಒಳ್ಳೆಯದೇ. ಅಕಾಲದಲ್ಲಿ ಸಿಡಿಯದೆ ಒತ್ತಡ ತಾಳುವ ಶಕ್ತಿಗೆ ಆಕ್ಟೇನ್ ಎನ್ನುತ್ತಾರೆ. ಸಾದಾ ಪೆಟ್ರೋಲಿನದು 91 ಇದ್ದರೆ ಎಥನಾಲ್‌ನದು 108ರ ಆಸುಪಾಸು. ಹಾಗಾಗಿ ಆಕ್ಟೇನ್ ಸಾಲದೆಂದು ದುಬಾರಿ ‘ಪವರ್’ ಪೆಟ್ರೋಲ್ ತರುವ ಅಗತ್ಯ ಈ ಸಣ್ಣ ಯಂತ್ರಗಳಿಗೆ ಈಗ ಇನ್ನೂ ಕಮ್ಮಿ.

ತಕರಾರು ಬೇರೆ ಕಡೆ ಇದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅದಕ್ಕೆ 9 ಗ್ರಾಂ ಸಾಕು. ಹೊಸ ಕಾರಿನ ಸೈಲೆನ್ಸರಿನಲ್ಲಿ ಸೆನ್ಸರ್ ಇದೆ, ಅದು ನೋಡಿಕೊಂಡು ಪೆಟ್ರೋಲ್ ಹೆಚ್ಚಿಸುತ್ತದೆ. ನಮ್ಮ ಯಂತ್ರದ ಕಾರ್ಬ್ಯುರೇಟರಿನಲ್ಲಿ ಇರುವುದು ಒಂದು ತೂತು, ಒಂದು ಸ್ಕ್ರೂ. ಮೊದಲಿನಷ್ಟೇ ಬಿಡುತ್ತದೆ. ಲೆಕ್ಕ ಹಾಕಿದರೆ ಇ20ಯಲ್ಲಿ ಬೆರಕೆ ಸುಮಾರು ಶೇಕಡಾ 7ರಿಂದ 8 ಲೀನ್ ಆಗುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಉರುವಲಷ್ಟೇ ಅಲ್ಲ, ಎಣ್ಣೆಯ ವಾಹನವೂ ಹೌದು, ಜೊತೆಗೆ ಆವಿಯಾಗುತ್ತ ಒಳಗನ್ನು ತಣಿಸುವುದೂ ಅದೇ. ನನ್ನ ಪಿಸ್ಟನ್ನಿಗೆ ಅರ್ಧ ಎಣ್ಣೆಯ ಜೊತೆ ಈ ಕಾವೂ ಸೇರಿತ್ತು ಎಂದು ಮೆಕ್ಯಾನಿಕ್ ಹೇಳಿದ. ಅದಕ್ಕೆ ಮದ್ದೂ ಅವನ ಕೈಯಲ್ಲೇ ಇತ್ತು. ಯಂತ್ರವನ್ನು ಪೂರ್ತಿ ವೇಗಕ್ಕೆ ಏರಿಸಿ, ಕಿವಿಗೊಟ್ಟು, ದೊಡ್ಡ ಜೆಟ್ಟಿನ ಸ್ಕ್ರೂವನ್ನು ಚೂರೇ ಚೂರು ಬಿಚ್ಚಿದ. ಕೀಚಲಾಗಿ ಅರಚುತ್ತಿದ್ದ ಸದ್ದು ತುಸು ದಪ್ಪಗಾಯಿತು. "ಹೀಗಿರಬೇಕು" ಅಂದ. ಸ್ಕ್ರೂ ತಿರುಗದಂತೆ ಕಂಪನಿಯವರೇ ಮುಚ್ಚಿರುವ ಯಂತ್ರಗಳೂ ಇವೆ. ಅವಕ್ಕೆ ಈ ಉಪಾಯ ನಡೆಯದು.

ಸಣ್ಣ ಇಂಜಿನ್ ತಯಾರಕರು ಬಹುಪಾಲು ಪುಸ್ತಕಗಳಲ್ಲಿ ಎಥನಾಲಿಗೆ ಶೇಕಡಾ 10ರ ಗೆರೆ ಹಾಕಿದ್ದಾರೆ. ಅಮೆರಿಕದ ಬಂಕುಗಳಲ್ಲಿ ಶೇಕಡಾ 15ರ ಪೆಟ್ರೋಲನ್ನು ಗರಗಸ, ಹುಲ್ಲುಯಂತ್ರಗಳಿಗೆ ಹಾಕುವುದೇ ನಿಷಿದ್ಧ. ನಮ್ಮ ಯಂತ್ರದ ಪುಸ್ತಕ ಇ20 ಆಗುತ್ತದೆ ಎನ್ನುತ್ತದೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ಹಳೆಯ ಯಂತ್ರದ ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ರಬ್ಬರ್ ಪರದೆ, ಒತ್ತಿ ಪೆಟ್ರೋಲ್ ಎಳೆಯುವ ಗುಳ್ಳೆ ಇವೆಲ್ಲ ಎಥನಾಲಿಗೆ ಉಬ್ಬುತ್ತವೆ, ಒಣಗಿದಾಗ ಬಿರುಸಾಗುತ್ತವೆ. ವರ್ಷಕ್ಕೊಮ್ಮೆ ಅವನ್ನು ಬದಲಾಯಿಸಿದರೆ ಅರ್ಧ ಕಾಯಿಲೆ ದೂರ.

ತಂದ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ? ಕತ್ತಿಯ ಅಲಗಿನಂಥ ಪರೀಕ್ಷೆ ಇದಕ್ಕೂ ಇದೆ. ಗೆರೆ ಹಾಕಿದ ಉದ್ದನೆಯ ಗಾಜಿನ ಕೊಳವೆಗೆ 10 ಎಮ್ಮೆಲ್ ನೀರು, ಅದರ ಮೇಲೆ ಎಣ್ಣೆ ಬೆರೆಸದ 100 ಎಮ್ಮೆಲ್ ಪೆಟ್ರೋಲ್ ಹಾಕಿ, ಮುಚ್ಚಿ, ಕುಲುಕಿ, ಹತ್ತು ನಿಮಿಷ ಬಿಡಿ. ಬಯಲಿನಲ್ಲಿ, ಬೀಡಿ-ಬೆಂಕಿ ಹತ್ತಿರವಿಲ್ಲದ ಕಡೆ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಪಕ್ಷ ಸೇರುತ್ತದೆ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 20ರ ಹತ್ತಿರ ಬಂದರೆ ಶೇಕಡಾ 10. 30ರ ಹತ್ತಿರ ಏರಿದರೆ ಅದು ಇ20. ನಾನು ನೋಡಿದಾಗ ಗೆರೆ 30ಕ್ಕೆ ತುಸು ಕೆಳಗೆ ನಿಂತಿತ್ತು. ಹೀಗೇ ನೀರು ಹಾಕಿ ಎಥನಾಲ್ ತೆಗೆದು ಮೇಲಿನ ಪೆಟ್ರೋಲನ್ನು ಯಂತ್ರಕ್ಕೆ ಹಾಕುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಕೇಳಬೇಡಿ. ಎಥನಾಲ್ ಬರುತ್ತದೆಂಬ ಲೆಕ್ಕದಲ್ಲೇ ಮೂಲ ಪೆಟ್ರೋಲಿನ ಆಕ್ಟೇನ್ ತಗ್ಗಿಸಿರಬಹುದು; ಉಳಿದದ್ದು ಸಿಡುಕಿನ ಪೆಟ್ರೋಲ್, ಅದರೊಳಗೆ ಅಷ್ಟಿಷ್ಟು ನೀರು ಬೇರೆ.

ಕ್ಯಾನಿನೊಳಗಿನ ಮಳೆಗಾಲ

ಆ ಕೊಳವೆಯಲ್ಲಿ ನಡೆದದ್ದೇ ನಮ್ಮ ಕ್ಯಾನಿನಲ್ಲೂ ನಡೆಯಬಹುದು. ಶೇಕಡಾ 10 ಎಥನಾಲ್ ಇರುವ ಪೆಟ್ರೋಲ್ ಲೀಟರಿಗೆ ಸುಮಾರು 5 ಎಮ್ಮೆಲ್, ಅಂದರೆ ಒಂದು ಚಹಾ ಚಮಚ ನೀರನ್ನು ಕರಗಿಸಿ ಇಟ್ಟುಕೊಳ್ಳಬಲ್ಲದು. ಇ20 ಇನ್ನೂ ಹೆಚ್ಚು. ಆ ಮಿತಿ ದಾಟಿದ ಕೂಡಲೇ, ಅಥವಾ ರಾತ್ರಿ ಥಂಡಿ ಏರಿ ಮಿತಿಯೇ ಇಳಿದಾಗ, ನೀರು ಎಥನಾಲಿನ ಜೊತೆಗೂಡಿ ತಳಕ್ಕೆ ಇಳಿದುಬಿಡುತ್ತದೆ. ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಯಂತ್ರದ ಟ್ಯಾಂಕಿನೊಳಗೆ ಪೆಟ್ರೋಲ್ ಎಳೆಯುವ ಪೈಪಿನ ತುದಿಗೆ ಭಾರದ ಫಿಲ್ಟರ್ ಇರುವುದರಿಂದ ಅದು ಯಾವಾಗಲೂ ತಳದಲ್ಲೇ ಬಿದ್ದಿರುತ್ತದೆ. ಅದು ಮೊದಲು ಎಳೆಯುವುದೇ ಎಣ್ಣೆಯಿಲ್ಲದ ಆ ನೀರುಸಾರವನ್ನು. ಅದೃಷ್ಟವಿದ್ದರೆ ಇಂಜಿನ್ ಸ್ಟಾರ್ಟೇ ಆಗುವುದಿಲ್ಲ. ಇಲ್ಲದಿದ್ದರೆ ಸ್ಟಾರ್ಟ್ ಆಗಿ, ಒಣಗಿ, ಹಿಡಿಯುತ್ತದೆ.

ಗಾಳಿಯ ತೇವವೇ ಇದಕ್ಕೆಲ್ಲ ಕಾರಣ ಎನ್ನುವಂತಿಲ್ಲ. ಬಿಗಿಯಾಗಿ ಮುಚ್ಚಿದ ಕ್ಯಾನಿಗೆ ಗಾಳಿಯಿಂದ ಇಳಿಯುವ ನೀರು ಅಲ್ಪ. ಆಷಾಢದ ಜಿಟಿಜಿಟಿ ಮಳೆಯಲ್ಲಿ ತೋಟದ ಮಧ್ಯೆ ಕಂಬಳಿಕೊಪ್ಪೆ ಹೊದ್ದು ಟ್ಯಾಂಕು ತುಂಬಿಸುತ್ತೇವಲ್ಲ, ಕೊಪ್ಪೆಯ ಅಂಚಿನಿಂದ ತೊಟ್ಟಿಕ್ಕುವ ನಾಲ್ಕು ಹನಿ, ಬಾವಿಕಟ್ಟೆಯಲ್ಲಿ ತೊಳೆದು ಒರೆಸದ ಆಲಿಕೆ, ಹೊರಗೆ ಇಟ್ಟ ಕ್ಯಾನಿನ ಮುಚ್ಚಳದ ತಗ್ಗಿನಲ್ಲಿ ನಿಂತ ನೀರು, ಅಸಲಿ ಕಳ್ಳರು ಇವರೇ. ಅರೆಪಾರದರ್ಶಕ ಕ್ಯಾನನ್ನು ಬೆಳಕಿಗೆ ಎತ್ತಿ ಹಿಡಿದರೆ ತಳದಲ್ಲಿ ಬಣ್ಣವಿಲ್ಲದ ಪದರ ಕಾಣಿಸುತ್ತದೆ. ಎಣ್ಣೆಯ ಬಣ್ಣ ಉಪಕಾರಕ್ಕೆ ಬರುವುದು ಆಗ. ಹಾಗೆ ಒಡೆದದ್ದನ್ನು ಕುಲುಕಿ ಸರಿ ಮಾಡಲಾಗದು.

ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳೊಳಗೆ ಮುಗಿಸಬೇಕು. ಬೇಗ ಆವಿಯಾಗುವ ಹಗುರ ಭಾಗ ಹೋಗಿ ಉಳಿದದ್ದು ಹಳಸುತ್ತದೆ, ಗೋಂದಾಗಿ ಕಾರ್ಬ್ಯುರೇಟರಿನ ಕೂದಲೆಳೆ ದಾರಿಗಳನ್ನು ಕಟ್ಟುತ್ತದೆ. ಸೀಸನ್ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಯಂತ್ರವನ್ನು ತಾನಾಗಿ ಆರುವವರೆಗೆ ಓಡಿಸಿ ಎತ್ತಿಡಿ.

ಸರಪಳಿಯ ಎಣ್ಣೆ ಬೇರೆ

ಮರ ಕೊಯ್ಯುವ ಗರಗಸಕ್ಕೆ ಎರಡು ಟ್ಯಾಂಕು. ಎರಡನೆಯದು ಸರಪಳಿಗೆ. 1946ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಜೋ ಕಾಕ್ಸ್ ಎಂಬಾತ ಕಡಿದ ಮರದ ಬುಡದಲ್ಲಿ ದುಂಬಿಯ ಮರಿಹುಳ ಎಡಕ್ಕೂ ಬಲಕ್ಕೂ ದವಡೆಯಾಡಿಸುತ್ತ ಮರ ತಿನ್ನುವುದನ್ನು ನೋಡಿ ಇಂದಿನ ಸರಪಳಿ ಹಲ್ಲಿನ ವಿನ್ಯಾಸ ಮಾಡಿದ. ಆ ಸರಪಳಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುತ್ತದೆ. ಸಾದಾ ಎಣ್ಣೆಯಾದರೆ ಸರಪಳಿಯನ್ನು ಹೊತ್ತ ಪಟ್ಟಿಯ ತುದಿ ತಿರುಗುವಲ್ಲೇ ಸಿಡಿದು ಹೋಗುತ್ತದೆ. ಆದ್ದರಿಂದ ಸರಪಳಿಯ ಎಣ್ಣೆಗೆ ಅಂಟುಗುಣ ಸೇರಿಸಿರುತ್ತಾರೆ.

ನಮ್ಮಲ್ಲಿ ಹಾಕುವುದು ಹೆಚ್ಚಾಗಿ ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲ್, ಪುಕ್ಕಟೆ ಸಿಗುತ್ತದೆಂದು. ಅದರಲ್ಲಿ ಲೋಹದ ಪುಡಿ ಇದೆ, ಚರ್ಮಕ್ಕೆ ಆಗಿಬರದ, ಕ್ಯಾನ್ಸರ್‌ಕಾರಕವೂ ಆದ ಮಸಿ ಇದೆ. ಸರಪಳಿಯ ಎಣ್ಣೆ ತಿರುಗಿ ಟ್ಯಾಂಕಿಗೆ ಬರುವುದಿಲ್ಲ. ಹಾಕಿದ್ದೆಲ್ಲ ಕೊಯ್ಯುವವನ ಮೈಮೇಲೆ, ಮರದ ಹೊಟ್ಟಿನ ಮೇಲೆ, ಕೊನೆಗೆ ಬೆಟ್ಟದ ಮಣ್ಣಿಗೆ. ಯುರೋಪಿನ ಕಾಡುಗಳಲ್ಲಿ ಸಸ್ಯಜನ್ಯ ಸರಪಳಿ ಎಣ್ಣೆ ಬಳಕೆಗೆ ಬಂದಿರುವುದು ಈ ಕಾರಣಕ್ಕೆ. ಅದನ್ನು ಹಾಕಿ ತಿಂಗಳುಗಟ್ಟಲೆ ಇಟ್ಟರೆ ಜಡ್ಡುಗಟ್ಟುತ್ತದೆ ಎಂಬ ಒಂದು ತೊಡಕಿದೆ, ತೊಳೆದಿಟ್ಟರೆ ಅದೂ ಇಲ್ಲ.

ನಾವು ಕುಡಿಯುವ ಪಾಲು

ಟೂ ಸ್ಟ್ರೋಕಿನ ಹಳೆಯ ದೋಷ ಒಂದಿದೆ. ಹೊಸ ಮಿಶ್ರಣ ಒಳಬರುವಾಗ ಹೊಗೆಯ ಕಿಂಡಿ ಇನ್ನೂ ತೆರೆದೇ ಇರುತ್ತದೆ. ಹಳೆಯ ವಿನ್ಯಾಸಗಳಲ್ಲಿ ಸುಮಾರು ಕಾಲು ಭಾಗ ಪೆಟ್ರೋಲು ಉರಿಯದೆಯೇ ಸೈಲೆನ್ಸರಿನಿಂದ ಹೊರಬೀಳುತ್ತದೆ. ಕಳೆಯಂತ್ರ ಹಿಡಿದವನ ಮೂಗು ಅಲ್ಲಿಂದ ಮಾರು ದೂರ. ಸ್ವೀಡನ್‌ನಲ್ಲಿ ಕಾಡಿನ ಕೆಲಸಗಾರರ ತಲೆನೋವಿಗೆ ಉತ್ತರವಾಗಿ 1988ರಲ್ಲಿ ಆಲ್ಕಿಲೇಟ್ ಎಂಬ ಶುದ್ಧತರ ಪೆಟ್ರೋಲ್ ಮಾರಾಟಕ್ಕೆ ಬಂತು. ನಮ್ಮ ಬಿಎಸ್-6 ಪೆಟ್ರೋಲಿನಲ್ಲಿ ವಿಷಕಾರಿ ಬೆಂಜೀನ್ ಶೇಕಡಾ 1ರವರೆಗೆ ಇರಬಹುದು; ಆಲ್ಕಿಲೇಟಿನಲ್ಲಿ ಅದು ಶೇಕಡಾ 0.1ಕ್ಕಿಂತ ಕಮ್ಮಿ, ಎಥನಾಲ್ ಇಲ್ಲವೇ ಇಲ್ಲ. ವರ್ಷಗಟ್ಟಲೆ ಕೆಡದೆ ಇರುತ್ತದೆ. ಬೆಲೆ ಮಾತ್ರ ಬಂಕಿನ ಪೆಟ್ರೋಲಿನ ಹಲವು ಪಟ್ಟು. ಅದು ಕೈಗೆಟುಕುವವರೆಗೆ ನಮ್ಮ ಕೈಲಾಗುವುದು ಇಷ್ಟು: ಕಡಿಮೆ ಹೊಗೆಯ ಎಣ್ಣೆ, ಸರಿಯಾದ ಅಳತೆ, ಹೊಗೆಗೆ ಬೆನ್ನು ಕೊಡುವ ದಿಕ್ಕು.

ಈಗ ನಮ್ಮ ಕೊಟ್ಟಿಗೆಯಲ್ಲಿ ಬೋರ್ಡೊದ ತಕ್ಕಡಿಯ ಪಕ್ಕ ಒಂದು ಮೊಳೆ ಹೊಡೆದು ಆ 20 ಎಮ್ಮೆಲ್ ಸಿರಿಂಜು ನೇತುಹಾಕಿದ್ದೇನೆ. ಕ್ಯಾನಿಗೆ ಅರ್ಧ ಲೀಟರ್ ಪೆಟ್ರೋಲ್, ಒಂದು ಸಿರಿಂಜು ಎಣ್ಣೆ, ಮುಚ್ಚಿ ಕುಲುಕಿ, ಮೇಲೆ ಇನ್ನರ್ಧ ಲೀಟರ್, ಮತ್ತೆ ಕುಲುಕು. ಕ್ಯಾನಿನ ಮೈಮೇಲೆ ಬೆರೆಸಿದ ತಾರೀಕು ಬರೆಯುತ್ತೇನೆ. ಯಂತ್ರದ ಟ್ಯಾಂಕಿನಲ್ಲಿ ಎಂದೂ ಬೆರೆಸುವುದಿಲ್ಲ, ತುಂಬಿಸುವ ಮುನ್ನ ಕ್ಯಾನನ್ನು ಇನ್ನೊಮ್ಮೆ ಕುಲುಕುವುದನ್ನು ಮರೆಯುವುದಿಲ್ಲ. ಎರಡು ಮಳೆಗಾಲ ಕಳೆದವು, ಹೊಸ ಪಿಸ್ಟನ್ ಇನ್ನೂ ಬಿಚ್ಚಿಲ್ಲ.

ನಿಮ್ಮ ಮನೆಯಲ್ಲೂ ಮುಚ್ಚಳದ ಲೆಕ್ಕ ನಡೆಯುತ್ತಿದ್ದರೆ ಈ ಪುಟ ಮಗುಚುವ ಮೊದಲು ಎದ್ದುಹೋಗಿ ಆ ಮುಚ್ಚಳಕ್ಕೆ ಎಷ್ಟು ಎಮ್ಮೆಲ್ ಹಿಡಿಯುತ್ತದೆಂದು ಅಳೆದು ಬನ್ನಿ.